ಎಲ್ಫ್‌ಗಳು ‘ಹೋಗ್ತೀನಿ’ ಅನ್ನುವುದಿಲ್ಲ

ಏಳುನೂರು ವರ್ಷ ಬದುಕಿದ್ದ ಎಲ್ಫ್ ಒಬ್ಬ ಮೊನ್ನೆ ಸೋಮವಾರ ಒಂದೇ ಮಾತಿಗೆ ಸತ್ತ. ಆ ಮಾತು ‘ಹೋಗ್ತೀನಿ’.

ಕೊಂದವರು ಯಾರೂ ಇಲ್ಲ. ಬಾಣ ಇಲ್ಲ, ಮಾಟ ಇಲ್ಲ. ಬೆಳಿಗ್ಗೆ ಎದ್ದು ಫೋನ್ ನೋಡಿದರೆ ನಮ್ಮ ಗ್ರೂಪಿನಲ್ಲಿ ಮಸಾರನ್ ಬರೆದ ಆ ಒಂದು ಪದ, ಅದರ ಕೆಳಗೆ ಅವನು ಗ್ರೂಪ್ ಬಿಟ್ಟ ಸುದ್ದಿ. ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ಮತ್ತೆ ಮತ್ತೆ ಓದಿದೆ. ಎಷ್ಟು ಸಲ ಓದಿದರೂ ಅದು ಬದಲಾಗಲಿಲ್ಲ.

“ಯಾರರೆ ಹೋದ್ರೇನ?” ನನ್ನ ಮುಖ ನೋಡಿ ಅವ್ವ ಕೇಳಿದಳು.

“ಹೂಂ. ಹೋದ.”

“ಯಾರ?”

“ಎಲ್ಫ್.”

ಬೀಗರ ಪೈಕಿ ಅಂಥ ಹೆಸರಿನವರು ಯಾರಿದ್ದಾರೆಂದು ಅವ್ವ ಸ್ವಲ್ಪ ಹೊತ್ತು ಯೋಚಿಸಿ, ನೆನಪಾಗದೆ ಒಲೆಯ ಕಡೆಗೆ ಹೋದಳು.

ನಾನು ನೀಲಾ. ರೋಣದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮಷಿನ್ ಹಾಕಿಕೊಂಡು ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ಶನಿವಾರ ಸಂಜೆ ಮಾತ್ರ ನಾನು ತೆನಿಲಾ, ಎಲ್ಫ್ ಕುಲದ ಹೆಣ್ಣು. ‘ಏಳುಸೀಮೆ’ ಅಂತ ನಾವೊಂದಿಷ್ಟು ಜನ ಫೋನಿನಲ್ಲೇ ಕಟ್ಟಿಕೊಂಡ ಜಗತ್ತಿದೆ. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ವಾರಕ್ಕೊಮ್ಮೆ ಡಿಸ್ಕಾರ್ಡ್ ಎಂಬ ಆ್ಯಪ್‌ನಲ್ಲಿ ಕೂಡಿ, ಆ ಪಾತ್ರವೇ ಆಗಿ ಮಾತಾಡುತ್ತಾ ಕಥೆ ಬೆಳೆಸುತ್ತೇವೆ. ಆಟ ನಡೆಸುವವಳು ನರಗುಂದದ ಸಿಮ್ರಾನ. ಅವಳದೊಂದು ಕಟ್ಟುನಿಟ್ಟು: ಊರು ಹೇಳಬಹುದು; ಹೆಸರು, ಫೋಟೋ, ಕೆಲಸ ಹೇಳುವಂತಿಲ್ಲ. ಅವಳೊಬ್ಬಳ ಹೆಸರು ಮಾತ್ರ ಎಲ್ಲರಿಗೂ ಗೊತ್ತು.

ಎಲ್ಫ್ ಜನರ ರೀತಿರಿವಾಜು ಬರೆಯುವ ಕೆಲಸ ನಮ್ಮಿಬ್ಬರ ಪಾಲಿಗೆ ಬಿತ್ತು, ನನಗೂ ಗಜೇಂದ್ರಗಡದ ಈ ಮಸಾರನ್‌ಗೂ. ಎಲ್ಫ್ ಅಂದರೆ ದಟ್ಟ ಕಾಡು, ಬೆಳ್ಳನೆ ಮೈ, ಚೂಪು ಕಿವಿ ಅಂತ ಎಲ್ಲರೂ ಹೇಳುತ್ತಾರೆ. ರೋಣದವಳು ನಾನು, ಕಾಡು ಎಲ್ಲಿಂದ ತರಲಿ?

“ನಮ್ಮ ಎಲ್ಫ್ ಎರಿಹೊಲದಾಗ ಇರ್ಲಿ ಬಿಡ್ರಿ,” ಅಂದ ಅವನು.

“ಗಿಡ ಇಲ್ದ ಕಡೆ ಹ್ಯಾಂಗ ಅಡಗತಾರ್ರಿ?”

“ಜ್ವಾಳ ಆಳೆತ್ತರ ಬೆಳಿತೈತಿ. ಅದ್ರಾಗ ಅಡಗತಾರ.”

“ಸುಗ್ಗಿ ಆದ ಮ್ಯಾಲ?”

ಅವನು ತಡೆದು ತಡೆದು ಹೇಳಿದ. “ಸುಗ್ಗಿ ಆದ ಮ್ಯಾಲ ಎಲ್ಲಾರ ಕಣ್ಣಿಗೂ ಬೀಳ್ತಾರ. ಆವಾಗ ಲಗ್ನ ಮಾಡ್ಕೊಂತಾರ.”

ಹೀಗೆ ಕಪ್ಪು ನೆಲದಲ್ಲಿ ನಮ್ಮ ಎಲ್ಫ್‌ಗಳು ಹುಟ್ಟಿದರು. ಎರೆಯರು ಅಂತ ಹೆಸರಿಟ್ಟೆವು. ಅವರ ಚೂಪು ಕಿವಿಯ ತುದಿಗೆ ನಾನು ಬುಗುಡಿ ಹಾಕಿದೆ. ನನ್ನ ಆಯಿ, ಅವ್ವನ ಅವ್ವ, ಕಿವಿಯ ಮೇಲಂಚಿಗೆ ಹಾಕುತ್ತಿದ್ದ ಬುಗುಡಿ ಈಗ ನನ್ನ ಕಿವಿಯಲ್ಲಿದೆ. ಹಳೇ ಕಾಲದ್ದು ಅಂತ ಗೆಳತಿಯರು ನಕ್ಕರೂ ತೆಗೆದಿಲ್ಲ. ಅದನ್ನು ಅವನಿಗೂ ಹೇಳಿದ್ದೆ. ಎರೆಯರು ಒಬ್ಬರಿಗಾಗಿ ಒಬ್ಬರು ಕಾಯುವ ಜಾಗವನ್ನು ಅವನು ಬರೆದ, ಹೊಳೆಆಲೂರಿನ ಮಲಪ್ರಭಾ ದಂಡೆ ನೋಡಿಕೊಂಡು.

ಆಮೇಲೆ ಬಂತು ಆ ಮಾತಿನ ಕಟ್ಟಳೆ. ನಮ್ಮ ಕಡೆ ಹೊಸ್ತಿಲು ದಾಟುವಾಗ ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ. ಅಂದರೆ ಆಯಿ ಬಾಯಿಯ ಮೇಲೆ ಬಡಿಯುತ್ತಿದ್ದಳು. ‘ಬರ್ತೀನಿ’ ಅನ್ನಬೇಕು. ಸಾವಿರ ವರ್ಷ ಬದುಕುವ ಎಲ್ಫ್‌ಗಳಿಗೆ ಇದಕ್ಕಿಂತ ಚಂದದ ಕಾನೂನು ಯಾವುದಿದೆ? ಹೊರಟವರು ‘ಬರ್ತೀನಿ’ ಅನ್ನಬೇಕು, ಉಳಿದವರು ‘ಇರ್ತೀನಿ’. ತಿರುಗಿ ಬಂದವರು ‘ಬಂದೆ’ ಅಂದರೆ, ಕಾದವರು ‘ಇದ್ದೆ’ ಅನ್ನಬೇಕು. ಎರೆಯರ ‘ಬರ್ತೀನಿ’ ಅಂದರೆ ಆಣೆ ಇದ್ದ ಹಾಗೆ. ‘ಹೋಗ್ತೀನಿ’ ಅಂದವನು ಸತ್ತಂತೆ. ಮುಂದಿನ ಆಟ ಶುರುವಾಗುವುದರೊಳಗೆ ತಿರುಗಿ ಬಂದು ‘ಬಂದೆ’ ಅನ್ನದಿದ್ದರೆ ಅವನ ಹೆಸರೂ ಉಳಿಯುವುದಿಲ್ಲ. ಇಷ್ಟೆಲ್ಲಾ ಕೂತು ಬರೆದದ್ದು ನಾವಿಬ್ಬರೇ.

ಆಟದೊಳಗೆ ಅವನು ನನಗೆ ‘ನೀ’ ಅನ್ನುತ್ತಿದ್ದ, ಆಟ ಮುಗಿದ ಕೂಡಲೇ ‘ನೀವು’. ಎಲ್ಫ್‌ಗಳ ಸಭೆಯಲ್ಲಿ ಎದ್ದು ನಿಂತರೆ “ಎರೆಯರ ಗಮನಕ್ಕೇ…” ಅಂತ ಕೊನೆಯನ್ನು ಎಳೆದು ಶುರು ಮಾಡುತ್ತಿದ್ದ. ನನಗೆ ನಗು ತಡೆಯುತ್ತಿರಲಿಲ್ಲ. ಮಾತಿನ ನಡುವೆಯೇ ಥಟ್ಟನೆ ಮ್ಯೂಟ್ ಆಗುತ್ತಿದ್ದ. ತಿರುಗಿ ಬಂದಾಗ ಹಿಂದೆ ಬಸ್ಸಿನ ಹಾರ್ನ್ ಕೇಳುತ್ತಿತ್ತು. ಮನೆ ರೋಡಿನ ಮೇಲೆ ಇರಬೇಕು ಅಂದುಕೊಂಡಿದ್ದೆ. ನಾನು ಹೊಲಿಯುತ್ತಲೇ ಆಡುವವಳು. ನಾನು ದಾರ ಪೋಣಿಸಲು ನಿಲ್ಲಿಸಿದರೆ ಅವನು ಮಾತು ನಿಲ್ಲಿಸಿ ಕೇಳುತ್ತಿದ್ದ: “ಮಷಿನ್ ಯಾಕ ನಿಂತತ್ರಿ?” ಇಡೀ ಏಳುಸೀಮೆಯಲ್ಲಿ ಅದನ್ನು ಕೇಳುವವನು ಅವನೊಬ್ಬನೇ. ಅಲ್ಲಿಂದಲೇ ನನ್ನ ತಲೆ ಕೆಟ್ಟದ್ದು.

ಸೋಮವಾರ ಅವನಿಗೆ ಮೆಸೇಜ್ ಹಾಕಿದೆ, ತಲುಪಲಿಲ್ಲ. ಅಕೌಂಟನ್ನೇ ಅಳಿಸಿಬಿಟ್ಟಿದ್ದ. ಸಿಮ್ರಾನಗೆ ಫೋನ್ ಮಾಡಿದೆ.

“ಗಜೇಂದ್ರಗಡ ಅಂತ ನಿಂಗೂ ಗೊತ್ತು, ನಂಗೂ ಅಷ್ಟ ಗೊತ್ತು,” ಅಂದಳು. “ಹೆಸರ ನಾನೂ ಕೇಳಿಲ್ಲ. ನನ್ನ ರೂಲ್ ನಾನ ಮುರೀಲೇನ?”

“ಮಸಾರನ್‌ನ ಹ್ಯಾಂಗರೆ ಮಾಡಿ ಉಳಸು.”

“ಶನಿವಾರದೊಳಗ ಅಂವ ಬಂದು ‘ಬಂದೆ’ ಅಂದ್ರ ಉಳೀತಾನ. ಇಲ್ಲಾಂದ್ರ ಇಲ್ಲ. ಕಾನೂನ ಬರದಾವ್ರು ನೀವ ಇಬ್ರು, ನನಗ್ಯಾಕ ಬೈತಿ?” ಮತ್ತೆ ಅವಳೇ ಕೇಳಿದಳು, “ಖರೇ ಹೇಳು ತೆನಿಲಾ. ನಿಂಗ ಎಲ್ಫ್ ಬೇಕಾಗ್ಯಾನೋ, ಮನಷಾ ಬೇಕಾಗ್ಯಾನೋ?”

ನಾನು ಫೋನ್ ಕಟ್ ಮಾಡಿದೆ. ಅವಳಿಗೆ ಉತ್ತರ ಸಿಕ್ಕಿರಬೇಕು.

ಎರಡು ದಿನ ಕುಂತಲ್ಲಿ ಕುಂತಿಲ್ಲ, ನಿಂತಲ್ಲಿ ನಿಂತಿಲ್ಲ. ನಾನೇನು ತಪ್ಪು ಮಾಡಿದೆ? ಶನಿವಾರ ನಕ್ಕೋತ ಮಾತಾಡಿದ್ದವನು ಸೋಮವಾರ ಯಾಕೆ ಸಾಯಬೇಕು? ಒಮ್ಮೆ ಅವನ ಮೇಲೆ ಸಿಟ್ಟು ಬರುತ್ತಿತ್ತು, ಒಮ್ಮೆ ಅಳು ಬರುತ್ತಿತ್ತು. ರಮಜಾನಬಿ ಚಾಚಿಯ ಬ್ಲೌಸಿಗೆ ಎಡದ ತೋಳನ್ನು ಬಲಕ್ಕೆ ಹಚ್ಚಿ, ಬಿಚ್ಚಿ, ಮತ್ತೆ ಅಲ್ಲೇ ಹಚ್ಚಿದೆ.

ಬುಧವಾರ ಮಧ್ಯಾಹ್ನ ಚಾಚಿಯೇ ಬಂದರು. ಓಣಿಯ ಕೊನೆಯ ಮನೆಯವರು. ಮೊಮ್ಮಗಳ ಲಗ್ನದ ಬಟ್ಟೆಯೆಲ್ಲ ನನ್ನಲ್ಲೇ ಹೊಲಿಸುತ್ತಿದ್ದರು. ಬ್ಲೌಸ್ ನೋಡಿ ಗಲ್ಲಕ್ಕೆ ಕೈ ಹಚ್ಚಿದರು.

“ಏನವಾ ಇದು, ನನಗ ಎರಡೂ ಎಡಗೈ ಅದಾವ ಅಂತ ತಿಳದೀ ಏನ?”

“ತಪ್ಪಾತ್ರಿ ಚಾಚಿ. ರವಿವಾರ ಕೊಡ್ತೀನಿ.”

“ಆತು. ರವಿವಾರ ತಯಾರ ಇಡು. ಬರ್ತೀನವಾ,” ಅಂದು ಮೆಟ್ಟಿಲು ಇಳಿದರು.

“ಮುಂಜಾನಿ ಬರ್ತೀರೋ, ಸಂಜೀಕೋ?”

ಚಾಚಿ ತಿರುಗಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಾ ಎಲ್ಲಿ ಬರ್ಲವಾ? ರವಿವಾರ ನಮ್ಮ ಮೊಮ್ಮಗಳು ಬರ್ತಾಳ. ಈಗ ಮನೀಗಿ ಹೊಂಟೀನಿ, ಅದಕ್ಕ ಬರ್ತೀನಿ ಅಂದೆ. ಎಲ್ಲಾ ‘ಬರ್ತೀನಿ’ನೂ ಬರೂ ‘ಬರ್ತೀನಿ’ ಏನವಾ?”

ನನ್ನ ಕೈಯಿಂದ ಕತ್ತರಿ ಜಾರಿ ಬಿತ್ತು.

ಹೋದ ಶನಿವಾರ ಆಟ ಮುಗಿದು ಎಲ್ಲರೂ ಹೋದ ಮೇಲೆ ನಾವಿಬ್ಬರೇ ಉಳಿದಿದ್ದೆವು. ಮೋಡ ಕವಿದಿತ್ತು, ನೆಟ್‌ವರ್ಕ್ ಸರಿ ಇರಲಿಲ್ಲ. ಅವನ ಮಾತು ತುಂಡು ತುಂಡಾಗಿ ಬರುತ್ತಿತ್ತು. “ನಾಳಿ… ಹೊಳೆ… ಹಳದಿ ಅಂಗಿ… ಏನಂತೀರಿ?” ಎರೆಯರ ಹೊಳೆದಂಡೆಯ ಕಥೆಗೆ ಏನೋ ಹೊಸದು ಸೇರಿಸುತ್ತಿದ್ದಾನೆ ಅಂದುಕೊಂಡೆ. ಅಷ್ಟರಲ್ಲಿ ಅವ್ವ ಒಳಗಿನಿಂದ, “ನೀಲಾ, ರೊಟ್ಟಿ ಆರ್ತಾವ, ಊಟಕ್ಕ ಬಾ” ಅಂದಳು. ನಾನು, “ಹೂಂ ಆತು, ಬರ್ತೀನಿ!” ಅಂದು ಕಟ್ ಮಾಡಿದೆ.

ನಾಳಿ. ಹೊಳೆಆಲೂರು. ಹಳದಿ ಅಂಗಿ. ಬರ್ತೀನಿ.

ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ! ಭೇಟಿಯಾಗೋಣ ಅಂತ ಕೇಳಿದ್ದಾನೆ. ನಾನು ಒಪ್ಪಿದ್ದೇನೆ ಅಂದುಕೊಂಡಿದ್ದಾನೆ. ಅದೂ ಎರೆಯರ ಮಾತಿನಲ್ಲಿ, ಆಣೆ ಮಾಡಿದ ಹಾಗೆ.

“ಎಲ್ಲಿ ಹೊಂಟಿ?” ನಾನು ಚಪ್ಪಲಿ ಮೆಟ್ಟುವುದನ್ನು ನೋಡಿ ಅವ್ವ ಕೇಳಿದಳು.

“ಗಜೇಂದ್ರಗಡಕ್ಕ. ಲೈನಿಂಗ್ ಬಟ್ಟಿ ತರಬೇಕು.”

“ರೋಣದಾಗ ಸಿಗೂದಿಲ್ಲೇನ?”

“ನಂಗ ಬೇಕಾದ್ದು ರೋಣದಾಗ ಸಿಗೂದಿಲ್ಲವಾ.” ಅದಂತೂ ಸುಳ್ಳಲ್ಲ.

ಬಸ್ ಹತ್ತಿ ಕುಳಿತ ಮೇಲೆ ಹೊಳೆಯಿತು, ಹೋಗಿ ಮಾಡುವುದೇನು? ಹೆಸರು ಗೊತ್ತಿಲ್ಲ. ಮುಖ ಗೊತ್ತಿಲ್ಲ. ಮನೆಮನೆಗೆ ಹೋಗಿ ‘ನಿಮ್ಮಲ್ಲಿ ಎಲ್ಫ್ ಇದ್ದಾನೆಯೇ’ ಎಂದು ಕೇಳಲೇ? ಬಸ್ಸು ಕೈ ಮಾಡಿದಲ್ಲೆಲ್ಲ ನಿಲ್ಲುತ್ತಿತ್ತು. ನಿಂತಾಗೊಮ್ಮೆ ನನ್ನ ಕಾಲು ತಾನೇ ನೆಲ ಒತ್ತುತ್ತಿತ್ತು, ಮಷಿನ್ನಿನ ಪೆಡಲ್ ತುಳಿದಂತೆ. ಹೊರಗೆ ಹಿಂಗಾರಿ ಜೋಳ ಈಗಷ್ಟೇ ಗೇಣುದ್ದ ಬಂದಿತ್ತು, ಎಲ್ಫ್ ಅಡಗುವಷ್ಟು ಬೆಳೆದಿರಲಿಲ್ಲ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಫ್ಯಾನುಗಳು ಸುಮ್ಮನೆ ತಿರುಗುತ್ತಿದ್ದವು, ಅವಕ್ಕೇನು ಅವಸರ.

ಬಸ್ ಸ್ಟ್ಯಾಂಡಿನಲ್ಲಿ ಇಳಿದು ವೇಲನ್ನು ತಲೆಗೆ ಸುತ್ತಿಕೊಂಡೆ. ಬಲಕ್ಕೆ ಹೋಗಲೋ ಎಡಕ್ಕೆ ಹೋಗಲೋ ತಿಳಿಯದೆ ನಿಂತಿದ್ದಾಗ ತಲೆಯ ಮೇಲಿನ ಸ್ಪೀಕರ್ ಗರಗರ ಅಂದಿತು.

“ಪ್ರಯಾಣಿಕರ ಗಮನಕ್ಕೇ…”

ನಾನು ಸ್ಪೀಕರಿನ ಕಡೆಗೆ ತಲೆ ಎತ್ತಿದೆ.

“…ನರಗುಂದಕ್ಕೆ ಹೋಗುವ ಬಸ್ಸು ಒಂದನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತದೆ. ಹೋಗುವವರು ಬೇಗ ಹತ್ತಿಕೊಳ್ಳಬೇಕಾಗಿ ವಿನಂತಿ.”

ಅದೇ ಎಳೆತ. ಅದೇ ಧ್ವನಿ. ಏಳುನೂರು ವರ್ಷದ ನನ್ನ ಎಲ್ಫ್ ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ಮೈಕ್ ಹಿಡಿದು ಕೂತಿದ್ದ. ‘ಹೋಗು’ ಎಂಬ ಮಾತೇ ಬೇಡ ಎಂದು ಕಾನೂನು ಬರೆದವನು ಹಗಲೆಲ್ಲಾ ಅದನ್ನೇ ಕೂಗುತ್ತಿದ್ದ. ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಮೈಕಿನ ಕೋಣೆಗೆ ಒಂದು ಸಣ್ಣ ಕಿಟಕಿ. ಒಳಗೆ ಎತ್ತರದ ಸ್ಟೂಲಿನ ಮೇಲೆ ಕುಳ್ಳಗಿನ ಹುಡುಗ, ಮಡಚಿದ ತೋಳಿನ ಬಿಳಿ ಅಂಗಿ, ಹಾರಿದ ಕೂದಲು. ಸೀರೆ ಅಂಗಡಿಯ ಜಾಹೀರಾತಿನ ಚೀಟಿ ಓದುತ್ತಿದ್ದವನು ತಲೆ ಎತ್ತದೆ ಕೇಳಿದ, “ಎಲ್ಲಿಗಿ ಹೋಗಬೇಕ್ರಿ?”

“ಎಲ್ಲಿಗೂ ಹೋಗಾಂಗಿಲ್ರಿ.” ಕಿಟಕಿಯ ಹತ್ತಿರ ಸರಿದೆ. “ಬಂದೆ.”

ಚೀಟಿ ಅವನ ಕೈಯಲ್ಲೇ ನಿಂತಿತು. ಅವನು ‘ಇದ್ದೆ’ ಅನ್ನಬೇಕಿತ್ತು. ಆ ಎರಡಕ್ಷರಕ್ಕೆ ನನ್ನ ಜೀವವೆಲ್ಲ ಕಿವಿಗೆ ಬಂದಿತ್ತು. ಅವನು ಅನ್ನಲಿಲ್ಲ. ನಿಧಾನಕ್ಕೆ ತಲೆ ಎತ್ತಿ ನನ್ನ ಕಣ್ಣು ನೋಡಿದ, ವೇಲ್ ಸುತ್ತಿದ ತಲೆ ನೋಡಿದ, ಮತ್ತೆ ಚೀಟಿಯ ಕಡೆಗೇ ಕಣ್ಣು ತಿರುಗಿಸಿದ.

“ಮಷಿನ್ ಸಪ್ಪಳ ಇಲ್ದ ನನ್ನ ಗುರ್ತು ಸಿಗೂದಿಲ್ಲೇನ್ರಿ?” ಅಂದೆ.

“ಗುರ್ತು ಸಿಕ್ಕೈತ್ರಿ.” ಅವನ ‘ರಿ’ ತಣ್ಣಗಿತ್ತು. “ರವಿವಾರ ನೋಡಿ ಹೊಳ್ಳಿ ಹೋದಾವ್ರು, ಇವತ್ತ ಯಾಕ ಬಂದ್ರಿ?”

“ನಾ ಎಲ್ಲಿ ನೋಡೀನಿ?”

“ಹೊಳೆಆಲೂರ ರೈಲ್ವೆ ಸ್ಟೇಷನ್‌ದಾಗ, ನಾ ಹೇಳಿದ್ದ ಜಾಗಾದಾಗ. ಆಚೀ ಪ್ಲಾಟ್‌ಫಾರ್ಮಿನ್ಯಾಗ ನಿಂತಿದ್ರಿ, ಹಿಂಗ ವೇಲ್ ಸುತ್ಕೊಂಡು. ನನ್ನ ಹಳದಿ ಅಂಗಿ ನೋಡಿದ್ರಿ. ಒಂದ ಗಳಿಗಿ ನಿಂತ್ರಿ. ಆಮ್ಯಾಲ ತಿರುಗಿ ಹೋಗೇ ಬಿಟ್ರಿ.” ಅವನು ಚೀಟಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. “ತಪ್ಪ ನಿಮ್ದಲ್ಲ ಬಿಡ್ರಿ. ಮಸಾರನ್ ಅಂದ್ರ ಏಳು ಅಡಿ ಎತ್ತರ. ನನಗ ಸ್ಟೂಲ್ ಏರಿದ್ರನ ಮೈಕ್ ಎಟಕತೈತಿ. ಆದ್ರೂ ಸಂಜೀತನಾ ಕುಂತಿದ್ದೆ. ಎರೆಯರಾಕಿ ಅದಾಳ, ಬರ್ತೀನಿ ಅಂದಾಳ, ಮನಸ್ಸ ತಿರುಗಿ ಬಂದ್ರೂ ಬರಬಹುದು ಅಂತ.”

ಅವನು ನನಗಾಗಿ ಹೊತ್ತು ಮುಳುಗುವ ತನಕ ಕೂತಿದ್ದ. ಯಾರೋ ದಾರಿಹೋಕಳು ತಿರುಗಿ ನಡೆದದ್ದಕ್ಕೆ ತನ್ನನ್ನೇ ತಾನು ಅಳಿಸಿಕೊಂಡ. ನನಗೆ ಸಂಕಟವಾದರೆ ಸಿಟ್ಟು ಬರುತ್ತದೆ, ಅದು ಹುಟ್ಟುಗುಣ.

“ಆಕಿ ಯಾರೋ ಏನೋ! ನಾ ರವಿವಾರ ಮನ್ಯಾಗ ಕುಂತು ಹುಕ್ ಹಚ್ಚಾಕತ್ತಿದ್ದೆ!”

“ಮತ್ತ ಬರ್ತೀನಿ ಅಂದ್ರೆಲ್ಲ?”

“ನಿಮ್ಮ ಮಾತ ಒಂದೂ ಕೇಳಿಸಿಲ್ಲ ನಂಗ! ನೆಟ್‌ವರ್ಕ್ ಇರ್ಲಿಲ್ಲ! ನಾ ಅವ್ವಗ ಬರ್ತೀನಿ ಅಂದೆ! ಊಟಕ್ಕ!”

ಊಟಕ್ಕ… ಊಟಕ್ಕ… ಎಂದು ಇಡೀ ಬಸ್ ಸ್ಟ್ಯಾಂಡ್ ಮೊಳಗಿತು. ಮಾತಿನ ಭರದಲ್ಲಿ ಅವನ ಮೊಣಕೈ ತಾಗಿ ಮೈಕ್ ಚಾಲೂ ಆಗಿತ್ತು! ಶೇಂಗಾ ಮಾರುವವನು ತಿರುಗಿ ನೋಡಿದ. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಅವನು ಗಾಬರಿಯಿಂದ ಮೈಕಿನ ಬಟನ್ ಒತ್ತಿದ, ಒತ್ತಿ ನನ್ನನ್ನು ನೋಡಿದ, ನೋಡಿ ನಕ್ಕುಬಿಟ್ಟ. ಅವನು ನಕ್ಕರೆ ಒಂದು ಕಣ್ಣು ಇನ್ನೊಂದಕ್ಕಿಂತ ಸಣ್ಣದಾಗುತ್ತದೆ. ಇಷ್ಟು ದಿನ ಕಿವಿಯಿಂದ ಕೇಳಿದ್ದ ನಗುವಿಗೆ ಇಂಥದ್ದೊಂದು ಮುಖ ಇದೆಯಲ್ಲ ಎಂದು ನೋಡುತ್ತಾ ನಿಂತೆ.

“ಊಟಕ್ಕ?” ಅಂದ, ಮೆಲ್ಲಗೆ.

“ರೊಟ್ಟಿ ಆರಾಕತ್ತಿದ್ವು.”

“ನಾ ಅಲ್ಲಿ ಜೀವಾ ಹಿಡ್ಕೊಂಡು ಕುಂತಿದ್ರ, ಇಲ್ಲಿ ರೊಟ್ಟಿ.” ತಲೆ ಅಲ್ಲಾಡಿಸಿ, ಕಿಟಕಿಗೆ ಸ್ವಲ್ಪ ಹತ್ತಿರ ಬಾಗಿದ. “ಕಿವಿ ತೋರಸ್ರಿ.”

“ಯಾಕ?”

“ಒಮ್ಮಿ ಮೋಸ ಹೋಗೀನಿ. ಖಾತ್ರಿ ಮಾಡ್ಕೊಬೇಕು.”

ವೇಲ್ ಸರಿಸಿ, ಕೂದಲನ್ನು ಕಿವಿಯ ಹಿಂದಕ್ಕೆ ಹಾಕಿದೆ. ಅವನ ನೋಟ ಬುಗುಡಿಯ ಮೇಲೆ ನಿಂತಿತು. ಅಲ್ಲಿಂದ ಕೆನ್ನೆಗೆ ಬಂತು, ಕಣ್ಣಿಗೆ ಬಂತು, ಹೆದರಿ ಮತ್ತೆ ಬುಗುಡಿಗೆ ಓಡಿತು. ನನ್ನ ಕಿವಿ ಬಿಸಿಯಾಯಿತು. ನಾನೇ ನೋಟ ತಿರುಗಿಸಲಿ ಎಂದು ಅವನು ಕಾಯುತ್ತಿದ್ದ, ಅವನೇ ತಿರುಗಿಸಲಿ ಎಂದು ನಾನು. ಯಾರೂ ತಿರುಗಿಸಲಿಲ್ಲ.

“ಕೇಳ್ರಿ,” ಅಂದೆ. ಈಗ ಹೇಳದಿದ್ದರೆ ಯಾವತ್ತೂ ಹೇಳುವುದಿಲ್ಲ ಎಂದು ಗೊತ್ತಿತ್ತು. “ನಂಗ ಏಳು ಅಡಿ ಎಲ್ಫ್ ಬ್ಯಾಡ. ಮಷಿನ್ ಯಾಕ ನಿಂತತಿ ಅಂತ ಕೇಳ್ತಾನಲ್ಲ, ಅಂವ ಬೇಕು. ಅಂವನ ಮ್ಯಾಲ ನಂಗ ಪ್ರೀತಿ ಐತಿ. ಅದನ್ನ ಹೇಳಾಕ ಬಂದೆ.”

ಹೊರಗೆ ಯಾವುದೋ ಬಸ್ಸು ಹಾರ್ನ್ ಹೊಡೆಯಿತು. ಅನೌನ್ಸ್ ಮಾಡಲು ಯಾರೋ ಕೂಗಿದರು. ಅವನು ಅಲುಗಾಡಲಿಲ್ಲ.

“ಇದ್ದೆ,” ಅಂದ.

ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಅವನು ತನ್ನ ಕೈಯನ್ನು ಅದೇ ಸರಳಿನ ಮೇಲೆ, ನನ್ನ ಕೈಯ ಪಕ್ಕ ಇಟ್ಟ. ತಾಗಿಸಲಿಲ್ಲ.

“ನಿನ್ನ ಹೆಸರೇನ?” ಎಂದು ಕೇಳಿದ. ಆಟದ ಹೊರಗೆ ಅವನು ‘ನೀ’ ಅಂದದ್ದು ಅದೇ ಮೊದಲು.

“ನೀಲಾ. ನಿಮ್ದು?”

“ಕಳಕೇಶ.”

ನಾನು ಜೋರಾಗಿ ನಕ್ಕೆ. ಹೆಸರು ಗೊತ್ತಿದ್ದರೂ ಏನು ಉಪಯೋಗ ಇತ್ತು? ಊರದೇವರ ಹೆಸರು ಅದು; ಗಜೇಂದ್ರಗಡದಲ್ಲಿ ‘ಕಳಕೇಶಾ’ ಎಂದು ಕೂಗಿದರೆ ಅರ್ಧ ಊರು ಹೊರಳಿ ನೋಡುತ್ತದೆ.

“ಶನಿವಾರದೊಳಗ ಗ್ರೂಪಿಗಿ ಬಂದು ಆ ಮಾತ ಹಿಂದಕ್ಕ ತಗೋಬೇಕು,” ಅಂದೆ. “ಇಲ್ಲಾಂದ್ರ ಸಿಮ್ರಾನ ಹೆಸರ ಅಳಸ್ತಾಳ.”

“ಇವತ್ತ ಬರ್ತೀನಿ. ಊಟ ಬಿಟ್ಟ ಬರ್ತೀನಿ.”

ಹೊತ್ತು ಇಳಿಯುತ್ತಿತ್ತು. ರೋಣದ ಬಸ್ಸು ಬಂದು ನಿಂತಿತು. ಮನಸ್ಸಿಗೆ ಇನ್ನೂ ಸಮಾಧಾನವಿಲ್ಲ, ಈಗಷ್ಟೇ ಸಿಕ್ಕದ್ದನ್ನು ಬಿಟ್ಟು ಬಸ್ ಹತ್ತುವುದು ಹೇಗೆ? ಲೈನಿಂಗ್ ಬಟ್ಟೆಯನ್ನೂ ಕೊಂಡಿರಲಿಲ್ಲ. ಅವ್ವನಿಗೆ ಏನಾದರೂ ಹೇಳಬೇಕು, ಸುಳ್ಳು ಹೇಳಲು ಮಾತ್ರ ಮನಸ್ಸಿಲ್ಲ.

“ಬರ್ತೀನಿ,” ಅಂದೆ.

ಅವನು ಹುಬ್ಬು ಗಂಟಿಕ್ಕಿದ. “ಯಾವ ಬರ್ತೀನಿ? ಹೋಗೂ ಬರ್ತೀನಿನೋ, ಬರೂ ಬರ್ತೀನಿನೋ, ಊಟದ ಬರ್ತೀನಿನೋ? ಬಿಡಿಸಿ ಹೇಳು.”

“ರವಿವಾರ. ಹೊಳೆಆಲೂರು. ಹಳದಿ ಅಂಗೀನ ಹಾಕ್ಕೊಂಡ ಬರಬೇಕು,” ಅಂದು ಓಡಿದೆ.

ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು ಕೂರುವಷ್ಟರಲ್ಲಿ ಸ್ಪೀಕರ್ ಗರಗರ ಅಂದಿತು.

“ಪ್ರಯಾಣಿಕರ ಗಮನಕ್ಕೇ… ರೋಣಕ್ಕೆ ಹೋಗುವ…” ಧ್ವನಿ ತಡೆಯಿತು. ಬಸ್ ಸ್ಟ್ಯಾಂಡ್ ಕಾಯಿತು. “ರೋಣಕ್ಕೆ ಹೋಗಿ ಬರುವ ಬಸ್ಸು ಎರಡನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತದೆ.” ಇನ್ನೊಂದು ಗಳಿಗೆ ಬಿಟ್ಟು, ಪಿಸುಮಾತಿನಷ್ಟು ಸಣ್ಣಗೆ, ಇಡೀ ಊರಿಗೆ ಕೇಳುವ ಹಾಗೆ: “ಇರ್ತೀನಿ.”

“ಈ ಹುಡುಗಗ ಏನಾಗೇತಿ ಇವತ್ತ?” ಎಂದು ಗೊಣಗುತ್ತಾ ಕಂಡಕ್ಟರ್ ನನ್ನ ಸೀಟಿನ ಹತ್ತಿರ ಬಂದ. “ಎಲ್ಲಿಗವಾ?”

“ರೋಣಕ್ಕ. ಹೋಗಿ ಬರೂದು ಕೊಡ್ರಿ.”

“ಹೋಗಿ ಬರೂದು ಇಲ್ಲವಾ ನಮ್ಮ ಬಸ್ಸಿನ್ಯಾಗ. ಬರೂದಕ್ಕ ನೀವ ಮತ್ತ ಬರಬೇಕು.”

“ಬರ್ತೀನ್ರಿ,” ಅಂದೆ.